ಬುಕಿಂಗ್ ಸಾಫ್ಟ್‌ವೇರ್ ಮಾಡಿಸುವ ಮೊದಲು ಅಂಗಡಿಯ ಡೈರಿ ಓದಿ



ಊರು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದ್ ಸೇರಿದ ನಮ್ಮವರಲ್ಲಿ ಹೋಟೆಲಿನವರು ಮಾತ್ರವಲ್ಲ, ಎ.ಸಿ. ರಿಪೇರಿ, ಕೇಟರಿಂಗ್, ಡ್ರೈವಿಂಗ್ ಸ್ಕೂಲ್, ಟ್ರಾವೆಲ್ಸ್ ನಡೆಸುವವರೂ ಇದ್ದಾರೆ. ವ್ಯಾಪಾರ ಸ್ವಲ್ಪ ಕುದುರಿದ ಕೂಡಲೇ "ನಮಗೂ ಒಂದು ಸಾಫ್ಟ್‌ವೇರ್ ಮಾಡಿಸೋಣ" ಎಂಬ ಯೋಚನೆ ಬರುತ್ತದೆ. ಒಳ್ಳೆಯದೇ. ಆದರೆ ಅದರೊಳಗೆ ಏನಿರಬೇಕು, ಮುಗಿದ ಮೇಲೆ ಅದು ಯಾರ ಸ್ವತ್ತು ಎಂಬ ಎರಡು ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಮುಂಗಡ ಕೊಟ್ಟರೆ ದುಡ್ಡಿನ ಜೊತೆ ಗಿರಾಕಿಗಳೂ ಕೈತಪ್ಪಬಹುದು.

ಮುಂಬಯಿಯ ಒಂದು ಎ.ಸಿ. ಸರ್ವಿಸ್ ಅಂಗಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಐದು ಮಂದಿ ಮೆಕ್ಯಾನಿಕ್, ಒಂದು ಫೋನ್, ಒಂದು ಡೈರಿ. ಡೈರಿಯಲ್ಲಿ "ಮಂಗಳವಾರ 11 ಗಂಟೆ, ಮುಲುಂಡ್" ಎಂದಷ್ಟೇ ಇರುತ್ತದೆ. ಗ್ಯಾಸ್ ತುಂಬಲು ಯಾರಿಗೆ ಬರುತ್ತದೆ, ಯಾರ ಬಳಿ ಬೈಕ್ ಇದೆ, ಯಾವ ಸೊಸೈಟಿಯಲ್ಲಿ ಮಧ್ಯಾಹ್ನ ಕೆಲಸಕ್ಕೆ ಬಿಡುವುದಿಲ್ಲ ಎಂಬುದೆಲ್ಲ ಮಾಲೀಕರ ತಲೆಯಲ್ಲಿದೆ. ಡೈರಿಯಲ್ಲಿರುವುದನ್ನು ಕಂಪ್ಯೂಟರಿಗೆ ಹಾಕುವುದು ಸುಲಭ. ತಲೆಯಲ್ಲಿರುವುದನ್ನು ನಿಯಮಗಳಾಗಿ ಬರೆದು ಕೊಡುವುದೇ ಕಷ್ಟದ ಕೆಲಸ, ಅದನ್ನು ಮಾಲೀಕರೇ ಮಾಡಬೇಕು. ನೀವು ಹೇಳದ ನಿಯಮವನ್ನು ಪ್ರೋಗ್ರಾಮ್ ಬರೆಯುವವರು ತಮಗೆ ತೋಚಿದಂತೆ ಊಹಿಸಿಕೊಳ್ಳುತ್ತಾರೆ.

ಮೊದಲನೆಯದು ಸಮಯದ ಲೆಕ್ಕ. ಒಂದು ಎ.ಸಿ. ತೊಳೆಯಲು ಒಂದು ತಾಸು ಎಂದಿಟ್ಟುಕೊಳ್ಳಿ. ಹತ್ತಕ್ಕೆ ಬೊರಿವಲಿ, ಹನ್ನೊಂದಕ್ಕೆ ಮುಲುಂಡ್ ಎಂದು ಬುಕಿಂಗ್ ತೆಗೆದುಕೊಂಡರೆ ಕ್ಯಾಲೆಂಡರಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಒಂದು ಊರು ವೆಸ್ಟರ್ನ್ ಲೈನಿನಲ್ಲಿ, ಇನ್ನೊಂದು ಸೆಂಟ್ರಲ್ ಲೈನಿನಲ್ಲಿ. ಲೋಕಲ್ ಹಿಡಿದರೆ ದಾದರಿಗೆ ಬಂದು ಗಾಡಿ ಬದಲಿಸಬೇಕು! ಹಾಗಾಗಿ ಕೆಲಸದ ಸಮಯದ ಜೊತೆ ಓಡಾಟದ ಸಮಯವನ್ನೂ ಸೇರಿಸಬೇಕು, ಮೆಕ್ಯಾನಿಕ್‌ಗಳನ್ನು ಏರಿಯಾ ಪ್ರಕಾರ ಹಂಚಬೇಕು.

ಎರಡನೆಯದು ಡಬಲ್ ಬುಕಿಂಗ್. ಇಬ್ಬರು ಗಿರಾಕಿಗಳು ಒಂದೇ ಕ್ಷಣದಲ್ಲಿ ಅದೇ ಸಮಯವನ್ನು ಒತ್ತುತ್ತಾರೆ. ಪ್ರೋಗ್ರಾಮ್ ಇಬ್ಬರಿಗೂ "ಖಾಲಿ ಇದೆ" ಎಂದು ನೋಡಿ, ಇಬ್ಬರ ಹೆಸರನ್ನೂ ಬರೆದುಬಿಡುತ್ತದೆ. ನೋಡುವುದು, ಬರೆಯುವುದು ಎರಡೂ ಒಂದೇ ಹೆಜ್ಜೆಯಾಗಿರಬೇಕು. ಎರಡನೆಯ ಹೆಸರನ್ನು ಡೇಟಾಬೇಸೇ ತಿರಸ್ಕರಿಸಬೇಕು. ರೈಲಿನಲ್ಲಿ ಒಂದು ಬರ್ತ್ ಇಬ್ಬರಿಗೆ ಹೋಗದಂತೆ ಕಾಯುವುದೂ ಇದೇ ತತ್ವ. ಮಾಡಿಕೊಡುವವರ ಎದುರೇ ಎರಡು ಫೋನಿನಿಂದ ಒಟ್ಟಿಗೆ ಒತ್ತಿ ಪರೀಕ್ಷಿಸಿ. ಕೆಲವು ಸಲ ಒತ್ತಿ ನೋಡಿದ ಮೇಲೇ ಒಪ್ಪಿಕೊಳ್ಳಿ.

ಮೂರನೆಯದು ಕೆಲಸದ ಹಂತಗಳು. ಕರೆ ಬಂತು, ದಿನ ಗೊತ್ತಾಯಿತು, ಮೆಕ್ಯಾನಿಕ್ ಹೊರಟ, ಕೆಲಸ ಮುಗಿಯಿತು, ಹಣ ಬಂತು. ಇವಿಷ್ಟನ್ನು ಎಲ್ಲರೂ ಬರೆಸುತ್ತಾರೆ. "ಪಾರ್ಟ್ ಬರಬೇಕು" ಎಂಬ ಹಂತವನ್ನು ಮರೆಯುತ್ತಾರೆ. ಪಿ.ಸಿ.ಬಿ. ಆರ್ಡರ್ ಮಾಡಿ ವಾರ ಕಳೆದ ಮೇಲೆ ಯಾರೂ ಫೋನ್ ಮಾಡದೆ, ಸಿಟ್ಟಾದ ಗಿರಾಕಿ ಬೇರೆ ಅಂಗಡಿಗೆ ಹೋಗುವುದು ಇಲ್ಲಿಯೇ. ನಿಂತ ಕೆಲಸಗಳ ಪಟ್ಟಿ ಪ್ರತಿದಿನ ಬೆಳಿಗ್ಗೆ ತಾನಾಗಿ ಕಣ್ಣೆದುರು ಬರುವಂತೆ ಮಾಡಿಸಿ.

ಲೆಕ್ಕಪತ್ರದಲ್ಲೂ ಎಚ್ಚರ ಬೇಕು. 2017ರ ಜುಲೈಯಿಂದ ಜಿ.ಎಸ್.ಟಿ. ಜಾರಿಯಲ್ಲಿದೆ. ಮಹಾರಾಷ್ಟ್ರದಲ್ಲಿ ಸೇವಾ ವ್ಯವಹಾರ ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯ. ಬಿಲ್ ನಂಬರುಗಳು ಸಾಲಾಗಿ ಬರಬೇಕು. ಆದ್ದರಿಂದ ಕೊಟ್ಟ ಬಿಲ್ಲನ್ನು ಅಳಿಸುವ ಗುಂಡಿ ಇರಕೂಡದು. ತಪ್ಪಾದರೆ ಕ್ರೆಡಿಟ್ ನೋಟ್ ಕೊಡುವ ದಾರಿ ಇರಲಿ. ಗಿರಾಕಿಗಳಿಗೆ ಎಸ್.ಎಂ.ಎಸ್. ಕಳುಹಿಸಲು ಸಂಸ್ಥೆಯ ಹೆಸರನ್ನೂ ಸಂದೇಶದ ನಮೂನೆಯನ್ನೂ ಟೆಲಿಕಾಂ ಕಂಪನಿಗಳ ಡಿ.ಎಲ್.ಟಿ. ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು.

ಇನ್ನು ಸ್ವತ್ತಿನ ಪ್ರಶ್ನೆ. "ದುಡ್ಡು ಕೊಟ್ಟಿದ್ದೇನೆ, ಹಾಗಾಗಿ ಸಾಫ್ಟ್‌ವೇರ್ ನನ್ನದು" ಎಂದು ಹೆಚ್ಚಿನವರು ತಿಳಿಯುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕವೇ ಬೇರೆ. ನಿಮ್ಮ ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದರೆ ಹಕ್ಕು ನಿಮ್ಮದು. ಹೊರಗಿನವರಿಂದ ಮಾಡಿಸಿದರೆ, ಬರಹದಲ್ಲಿ ನಿಮಗೆ ವರ್ಗಾಯಿಸದ ಹೊರತು ಹಕ್ಕು ಸಾಮಾನ್ಯವಾಗಿ ಬರೆದವರ ಬಳಿಯೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಹಿಡಿಯುತ್ತದೆ. ಮುಂಗಡ ಕೊಡುವ ಮೊದಲೇ ವಕೀಲರಿಗೆ ತೋರಿಸಿ ಕರಾರು ಬರೆಸಿ. ಸೋರ್ಸ್ ಕೋಡ್ ನಿಮ್ಮ ಕೈಗೆ ಬರಲಿ. ಡೊಮೇನ್ ಹೆಸರು, ಸರ್ವರ್ ಖಾತೆ ನಿಮ್ಮ ಹೆಸರಿನಲ್ಲಿರಲಿ. ಗಿರಾಕಿಗಳ ಪಟ್ಟಿಯನ್ನು ಬೇಕೆಂದಾಗ ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳುವಂತಿರಲಿ. ವರ್ಷಗಟ್ಟಲೆ ಕೂಡಿಸಿದ ಆ ಪಟ್ಟಿಯೇ ಅಂಗಡಿಯ ನಿಜವಾದ ಬಂಡವಾಳ. ಮಾಡಿಕೊಟ್ಟವರೊಂದಿಗೆ ಮನಸ್ತಾಪವಾದ ದಿನ ಅದು ಅವರ ಕೈಯಲ್ಲಿದ್ದರೆ ಏನಾದೀತು, ಯೋಚಿಸಿ. ಅದರಲ್ಲಿ ಜನರ ವಿಳಾಸ, ಫೋನ್ ನಂಬರ್ ಇರುವುದರಿಂದ ಕಾಪಾಡುವ ಹೊಣೆಯೂ ನಿಮ್ಮದೇ. ಇದಕ್ಕಾಗಿಯೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ.

ಎಲ್ಲರಿಗೂ ಹೊಸದಾಗಿ ಮಾಡಿಸುವ ಅಗತ್ಯವಿಲ್ಲ. ಮೂವರು ಕೆಲಸಗಾರರ ಅಂಗಡಿಗೆ ಎಲ್ಲರೂ ಫೋನಿನಲ್ಲೇ ನೋಡಬಹುದಾದ ಒಂದು ಕ್ಯಾಲೆಂಡರ್, ಒಂದು ಲೆಕ್ಕದ ಹಾಳೆ ಸಾಕಾದೀತು. ಬಾಡಿಗೆಗೆ ಸಿಗುವ ಸಿದ್ಧ ಸಾಫ್ಟ್‌ವೇರ್ ಹೊಂದಿದರೆ ಅದೂ ಒಳ್ಳೆಯದೇ. ನಿಮ್ಮ ನಿಯಮಗಳು ಅದರಲ್ಲಿ ಕೂರುವುದಿಲ್ಲ ಎಂದಾದರೆ ಮಾತ್ರ ಸ್ವಂತದ್ದು ಮಾಡಿಸಿ. ಮಾಡಿಸಿದ್ದನ್ನು ಏಪ್ರಿಲ್-ಮೇ ಸೆಕೆಯಲ್ಲಿ ಶುರು ಮಾಡಬೇಡಿ. ಮಳೆಗಾಲದಲ್ಲಿ, ಕರೆಗಳು ಕಡಿಮೆ ಇರುವಾಗ, ಎರಡು ವಾರ ಡೈರಿಯನ್ನೂ ಸಾಫ್ಟ್‌ವೇರನ್ನೂ ಜೊತೆಯಾಗಿ ನಡೆಸಿ. ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಸಿಗದಾಗ ಅದು ನಡೆಯುತ್ತದೆಯೇ, ಹುಡುಗರಿಗೆ ತಿಳಿಯುವ ಭಾಷೆಯಲ್ಲಿದೆಯೇ ಎಂದು ಅವರನ್ನೇ ಕೇಳಿ. ಅವರು ಒತ್ತದಿದ್ದರೆ ನಿಮ್ಮ ಪರದೆಯಲ್ಲಿ ಏನೂ ಕಾಣದು.

ಶುರು ಮಾಡಲು ಕಂಪ್ಯೂಟರ್ ಬೇಡ. ಕಳೆದ 30 ದಿನಗಳ ಡೈರಿ ತೆರೆದು, ಎಡವಿದ ಪ್ರತಿಯೊಂದು ಕೆಲಸದ ಎದುರು ಏಕೆ ಎಡವಿತು ಎಂದು ಬರೆಯಿರಿ. ಮಾಡಿಕೊಡುವವರ ಕೈಗೆ ಕೊಡಬೇಕಾದ ಮೊದಲ ಕಾಗದ ಅದೇ.