ಪಂಪಿನ ಸರದಿ ಹಲಗೆ: ಮಾಡಿಸುವ ಮೊದಲು ತಿಳಿದಿರಬೇಕಾದ ವಿಷಯಗಳು

ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಎಂಟು ಪಂಪುಗಳಿದ್ದು, ಎಂಟಕ್ಕೂ ಆಟೋ ಸ್ಟಾರ್ಟರ್ ಹಾಕಿಸಿದ್ದರೆ ಕರೆಂಟು ಬಂದ ಕ್ಷಣದಲ್ಲಿ ಏನಾಗುತ್ತದೆಂಬುದನ್ನು ಬೆಳೆಗಾರ ಬಂಧುಗಳಿಗೆ ವಿವರಿಸಬೇಕಾಗಿಲ್ಲ. 5 ಅಶ್ವಶಕ್ತಿಯ ಮೋಟಾರು ಓಡುವಾಗ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. ನೇರವಾಗಿ ಹೊರಡಿಸುವಾಗ ಅದರ ಆರು ಪಟ್ಟು, ಅಂದರೆ 45 ಆಂಪಿಯರ್ ಎಳೆಯುತ್ತದೆ. ಎಂಟೂ ಒಟ್ಟಿಗೆ ಹೊರಟರೆ 360 ಆಂಪಿಯರ್ ಆಯಿತು. 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರಿನ ಪೂರ್ಣ ಸಾಮರ್ಥ್ಯವಾದರೋ ಸುಮಾರು 85 ಆಂಪಿಯರ್. ಎಂಟೂ ಪಂಪುಗಳು ಓಡುತ್ತಿರುವಾಗ ಬೇಕಾದ 60 ಆಂಪಿಯರನ್ನು ಅದು ಸುಖವಾಗಿ ಹೊರುತ್ತದೆ. ಹೊರಡುವ ಆ ಕೆಲವು ಸೆಕೆಂಡುಗಳನ್ನು ಮಾತ್ರ ತಾಳಲಾರದು. ವೋಲ್ಟೇಜು ಕುಸಿದು ಯಾವ ಮೋಟಾರೂ ವೇಗಕ್ಕೆ ಬರುವುದಿಲ್ಲ. ಒಂದು ಫ್ಯೂಸು ಹೋದರೆ ಉಳಿದೆರಡು ಫೇಸುಗಳಲ್ಲಿ ತಿಣುಕುವ ಮೋಟಾರು ಸುಡುತ್ತದೆ.

ರೊಬಸ್ಟಾಕ್ಕೆ ಹೂಮಳೆಯ ಬದಲು ಸ್ಪ್ರಿಂಕ್ಲರ್ ನೀರು ಕೊಡುವುದು ಫೆಬ್ರವರಿ-ಮಾರ್ಚಿಯಲ್ಲಿ. ಅಡಿಕೆಗೆ ನೀರು ಹೆಚ್ಚಾಗಿ ಬೇಕಾಗುವುದೂ ಅದೇ ಬೇಸಿಗೆಯಲ್ಲಿ. ಆಗ ಸುಟ್ಟ ಮೋಟಾರನ್ನು ರಿವೈಂಡಿಂಗಿಗೆ ಕೊಟ್ಟು ವಾರ ಕಾಯುವುದೆಂದರೆ, ನಷ್ಟವು ರಿವೈಂಡಿಂಗಿನ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ಮುಂದಿನ ಫಸಲಿನಲ್ಲಿಯೂ ಕಾಣುತ್ತದೆ. ಆದಕಾರಣ ಪಂಪುಗಳನ್ನು ಸರದಿಯ ಮೇಲೆ ಹೊರಡಿಸುವ ಸರ್ಕ್ಯೂಟ್ ಹಲಗೆಯೊಂದನ್ನು ಸಂಘದ ವತಿಯಿಂದಲೇ ಮಾಡಿಸಬೇಕೆಂಬ ವಿಚಾರ ನಮ್ಮ ಆಡಳಿತ ಮಂಡಳಿಯ ಮುಂದಿದೆ. ಮಹಾಸಭೆಯಲ್ಲಿ ಸದಸ್ಯರು ತಿಳಿದು ಮತ ಹೇಳಲು ಅನುಕೂಲವಾಗಲೆಂದು ಈ ಲೇಖನ.

ಹಲಗೆಯು ಮಾಡಬೇಕಾದ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಮೂರೂ ಫೇಸುಗಳಿದ್ದು, ಅವುಗಳ ಕ್ರಮ ಸರಿಯಿದ್ದು, ಬಾವಿಯಲ್ಲಿ ನೀರಿದ್ದು, ತೊಟ್ಟಿ ತುಂಬದೆ ಇದ್ದು, ತನ್ನ ಸರದಿಯೂ ಬಂದಿದ್ದರೆ ಪಂಪನ್ನು ಹೊರಡಿಸಬೇಕು. ಇವುಗಳಲ್ಲಿ ಸರದಿಯೊಂದನ್ನು ಬಿಟ್ಟು ಯಾವುದೇ ತಪ್ಪಿದರೂ ಓಡುವ ಪಂಪನ್ನು ನಿಲ್ಲಿಸಬೇಕು. ಇಂಥ "ಇದ್ದರೆ - ಇಲ್ಲದಿದ್ದರೆ" ಲೆಕ್ಕಕ್ಕೇ ತರ್ಕ ಅಥವಾ ಲಾಜಿಕ್ ಎಂದು ಹೆಸರು. ಹಿಂದೆ ಪ್ರತಿಯೊಂದು ತರ್ಕಕ್ಕೂ ಬೇರೆ ಬೇರೆ ಸಣ್ಣ ಚಿಪ್‌ಗಳನ್ನು ಹಲಗೆಯ ಮೇಲೆ ಬೆಸೆದು ತಾಮ್ರದ ಗೆರೆಗಳಿಂದ ಜೋಡಿಸುತ್ತಿದ್ದರು. ನಿಯಮ ಬದಲಾದರೆ ಹಲಗೆಯನ್ನೇ ಬದಲಾಯಿಸಬೇಕಾಗುತ್ತಿತ್ತು. 1978ರಲ್ಲಿ ಅಮೆರಿಕದ ಮೊನೊಲಿಥಿಕ್ ಮೆಮೊರೀಸ್ ಸಂಸ್ಥೆಯು "ಪ್ಯಾಲ್" ಎಂಬ ಚಿಪ್ಪನ್ನು ಹೊರತಂದಿತು. ಒಳಗಿನ ಜೋಡಣೆಯನ್ನು ಕೊಂಡವನೇ ತನಗೆ ಬೇಕಾದಂತೆ ನಿರ್ಧರಿಸಬಹುದಾದ ಚಿಪ್ ಅದು. ಆದರೆ ಒಮ್ಮೆ ಬರೆದರೆ ಮುಗಿಯಿತು. ಅನಂತರ ಬಂದವು ಅಳಿಸಿ ಮತ್ತೆ ಬರೆಯಬಹುದಾದ ಚಿಪ್‌ಗಳು. ಇವನ್ನೇ ಪ್ರೋಗ್ರಾಮಬಲ್ ಲಾಜಿಕ್ ಎನ್ನುತ್ತಾರೆ. ಹಲಗೆ ಹಾಗೆಯೇ ಇರುತ್ತದೆ, ನಿಯಮ ಮಾತ್ರ ಬದಲಾಗುತ್ತದೆ.

ಎಷ್ಟು ದೊಡ್ಡ ಚಿಪ್ ಬೇಕೆಂಬುದನ್ನು ಬೆರಳೆಣಿಕೆಯಿಂದಲೇ ಲೆಕ್ಕ ಹಾಕಬಹುದು. ಲೈನಿನ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅದೇ ನಮ್ಮ ಗಡಿಯಾರ. 50ರ ತನಕ ಎಣಿಸಲು ಆರು ಎಣಿಕೆಯ ಕೋಶಗಳು ಬೇಕು. ಸೆಕೆಂಡುಗಳನ್ನು 30ರ ತನಕ ಎಣಿಸಲು ಐದು. ಅರ್ಧ ನಿಮಿಷಕ್ಕೊಂದರಂತೆ ಎಂಟು ಸರದಿಗಳನ್ನು ಎಣಿಸಲು ಮೂರು. ಒಟ್ಟು 14 ಕೋಶಗಳು ಎಣಿಕೆಗೇ ಹೋದವು. ಹಳೆಯ 22ವಿ10 ಎಂಬ ಚಿಪ್ಪಿನಲ್ಲಿ ಇರುವುದೇ ಹತ್ತು, ಸಾಲದು. ಮೈಕ್ರೋಚಿಪ್ ಸಂಸ್ಥೆಯ ಎಟಿಎಫ್1504 ಎಂಬುದರಲ್ಲಿ 64 ಕೋಶಗಳಿವೆ. 5 ವೋಲ್ಟಿನಲ್ಲಿ ನಡೆಯುತ್ತದೆ. ನಮ್ಮ ಕೆಲಸಕ್ಕೆ ಧಾರಾಳವಾಯಿತು. ಹಲಗೆಯ ಮೇಲೆ ಮೂರು ಪುಟ್ಟ ಸ್ವಿಚ್ಚುಗಳಿರುತ್ತವೆ. ಅವುಗಳನ್ನು ಎಂಟು ವಿಧವಾಗಿ ಇಡಬಹುದು. ಎಂಟು ಪಂಪುಗಳಿಗೆ ಸೊನ್ನೆಯಿಂದ ಏಳರವರೆಗೆ ಎಂಟು ಸರದಿ. ಕೊನೆಯ ಪಂಪು ಮೊದಲನೆಯದಕ್ಕಿಂತ ಮೂರೂವರೆ ನಿಮಿಷ ತಡವಾಗಿ ಹೊರಡುತ್ತದೆ, ಅಷ್ಟೆ.

ಇದಕ್ಕಿಂತ ಅಗ್ಗವಾದ ಮೈಕ್ರೊಕಂಟ್ರೋಲರ್ ಸಾಲದೆ ಎಂದು ವಿಷಯ ಬಲ್ಲ ಸದಸ್ಯರು ಕೇಳಬಹುದು. ಅದರಿಂದಲೂ ಈ ಕೆಲಸ ಆಗುತ್ತದೆ. ಆದರೆ ಅದು ಆದೇಶಗಳನ್ನು ಒಂದಾದ ಮೇಲೊಂದರಂತೆ ಓದುತ್ತ ಸಾಗುವಂಥದು. ಲೈನಿನ ಏರುಪೇರಿನಲ್ಲಿ ಓದು ದಾರಿ ತಪ್ಪಿ ನಿಂತುಬಿಡದಂತೆ ಕಾವಲು ಇಡಬೇಕು. ಲಾಜಿಕ್ ಚಿಪ್ಪಿನಲ್ಲಿ ಓದುವುದೆಂಬುದೇ ಇಲ್ಲ. ಎಲ್ಲ ನಿಯಮಗಳೂ ಏಕಕಾಲಕ್ಕೆ ಜಾರಿಯಲ್ಲಿರುತ್ತವೆ. ಅಲ್ಲದೆ ನಮ್ಮ ನಿಯಮಗಳು ಒಂದು ಪುಟದ ಕೋಷ್ಟಕದಲ್ಲಿ ಹಿಡಿಯುವಷ್ಟಿದ್ದು, ಯಾವ ಸದಸ್ಯನಾದರೂ ಕೂತು ಪರಿಶೀಲಿಸಬಹುದು.

ಚಿಪ್ಪಿಗಿಂತ ಹೆಚ್ಚಿನ ಜಾಣ್ಮೆ ಬೇಕಾಗುವುದು ಅದರ ಸುತ್ತಲಿನ ಹಲಗೆಗೆ. ನಕ್ಷೆ ನೋಡುವಾಗ ನಾವು ಕೇಳಬೇಕಾದ ಅಂಶಗಳು ಇವು:

(1) 415 ವೋಲ್ಟಿನ ಭಾಗವೂ 5 ವೋಲ್ಟಿನ ಭಾಗವೂ ಹಲಗೆಯ ಮೇಲೆ ದೂರವಿರಬೇಕು, ನಡುವೆ ಹಲಗೆಯನ್ನು ಕೊರೆದು ಸೀಳು ಬಿಟ್ಟಿರಬೇಕು. ಸುದ್ದಿಯು ಬೆಳಕಿನ ಮೂಲಕ ದಾಟುವ ಆಪ್ಟೋಕಪ್ಲರ್ ಇರಬೇಕು. ಅದರಿಂದ ಬರುವ ಅಲೆ ನಿಧಾನವಾಗಿ ಏರುವುದರಿಂದ ಒಂದನ್ನು ಎರಡೆಂದು ಎಣಿಸುವ ಸಂಭವವುಂಟು. ಅದನ್ನು ಚೊಕ್ಕ ಮಾಡುವ ಷ್ಮಿಟ್ ಟ್ರಿಗರ್ ಇರಲೇಬೇಕು.

(2) ಓಡುತ್ತಿರುವ ಮೋಟಾರಿನ ಒಂದು ಫೇಸು ಹೋದರೆ, ಮೋಟಾರು ತಾನೇ ಆ ತಂತಿಯಲ್ಲಿ ವೋಲ್ಟೇಜು ಹುಟ್ಟಿಸುತ್ತದೆ. ವೋಲ್ಟೇಜನ್ನಷ್ಟೇ ನೋಡುವ ಹಲಗೆ ಮೂರೂ ಇವೆಯೆಂದು ಮೋಸಹೋಗುತ್ತದೆ. ಆದ್ದರಿಂದ ಮೂರು ತಂತಿಗಳಿಗೂ ಕರೆಂಟು ಅಳೆಯುವ ಸುರುಳಿಗಳು ಬೇಕು.

(3) ಚಿಪ್ ಎಚ್ಚರಗೊಳ್ಳುವ ಮುನ್ನ ರಿಲೇ ತಾನಾಗಿ ಎಳೆದುಕೊಳ್ಳಬಾರದು. ಏನೂ ತಿಳಿಯದಿದ್ದಾಗ ಪಂಪು ನಿಂತೇ ಇರಬೇಕು.

(4) ಚಿಪ್ಪಿಗೆ ವಿದ್ಯುತ್ ಕೊಡುವ ಪ್ರತಿ ಕಾಲಿನ ಬಳಿಯೂ 0.1 ಮೈಕ್ರೊಫ್ಯಾರಡಿನ ಕೆಪ್ಯಾಸಿಟರ್ ಇರಬೇಕು. ಲೈನಿನ ಕಡೆ ಸಿಡಿಲಿನ ಆಘಾತ ನುಂಗುವ ವೇರಿಸ್ಟರ್ ಇರಬೇಕು.

(5) ನಮ್ಮ ಮಳೆಗಾಲದ ತೇವ, ಇರುವೆ, ಹಲ್ಲಿಗಳನ್ನು ತಡೆಯಲು ಹಲಗೆಗೆ ಮೆರುಗೆಣ್ಣೆಯಂಥ ಲೇಪವಿರಬೇಕು. ಆದರೆ ಪರೀಕ್ಷೆಯ ಬಿಂದುಗಳನ್ನೂ ಚಿಪ್ಪಿಗೆ ಬರೆಯುವ ಜೆಟ್ಯಾಗ್ ಕನೆಕ್ಟರನ್ನೂ ಮುಚ್ಚಬಾರದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕೆಲವು ವರ್ಷಗಳ ಹಿಂದೆ ನಮ್ಮ ಕೆಲವು ಸದಸ್ಯರು ಕೊಂಡ ಒಂದು ಬಗೆಯ ಸ್ಟಾರ್ಟರ್ ಪೆಟ್ಟಿಗೆಗಳಲ್ಲಿ ಚಿಪ್‌ಗಳ ಮೇಲಿನ ಅಕ್ಷರಗಳನ್ನು ಕೆರೆದು, ಇಡೀ ಹಲಗೆಗೆ ಕಪ್ಪು ಅಂಟು ಸುರಿಯಲಾಗಿತ್ತು. ಮಾರಿದವರು ಆ ಮಾದರಿಯನ್ನು ಕೈಬಿಟ್ಟ ಮೇಲೆ, ಚೆನ್ನಾಗಿದ್ದ ಪೆಟ್ಟಿಗೆಗಳೂ ಒಂದು ಸಣ್ಣ ದೋಷದಿಂದ ಗುಜರಿಗೆ ಹೋದವು. ಪ್ರೋಗ್ರಾಮಬಲ್ ಚಿಪ್ಪಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅದರೊಳಗೆ ಬರೆದದ್ದನ್ನು ಯಾರೂ ಮತ್ತೆ ಓದದಂತೆ ಬೀಗ ಹಾಕುವ ವ್ಯವಸ್ಥೆಯಿದೆ. ಬೀಗ ಬಿದ್ದ ಮೇಲೆ ಅಳಿಸಬಹುದೇ ಹೊರತು ಓದಲಾಗದು. ಮೂಲ ಬರಹ ನಮ್ಮ ಕೈಯಲ್ಲಿಲ್ಲದಿದ್ದರೆ ಅರ್ಧ ನಿಮಿಷವನ್ನು ಒಂದು ನಿಮಿಷ ಮಾಡಲೂ ನಾವು ಮತ್ತೊಬ್ಬರ ಬಾಗಿಲು ಕಾಯಬೇಕು. ಹಣ ನಮ್ಮದು, ತೋಟ ನಮ್ಮದು, ನಿಯಮ ಮಾತ್ರ ಮತ್ತೊಬ್ಬರದು ಎಂದಾಗುತ್ತದೆ.

ಚಿಪ್‌ಗಳೂ ಶಾಶ್ವತವಲ್ಲ. ದಶಕಗಳಿಂದ ಬಳಕೆಯಲ್ಲಿದ್ದ ಜೈಲಿಂಕ್ಸ್ ಎಕ್ಸ್‌ಸಿ9500ಎಕ್ಸ್‌ಎಲ್ ಎಂಬ ಇದೇ ಜಾತಿಯ ಚಿಪ್‌ಗಳನ್ನು ನಿಲ್ಲಿಸುವುದಾಗಿ, ಆ ಸಂಸ್ಥೆಯನ್ನು 2022ರಲ್ಲಿ ಕೊಂಡ ಎಎಂಡಿಯು 2024ರಲ್ಲಿ ತಿಳಿಸಿತು. ನಾಳೆ ನಮ್ಮ ಚಿಪ್ಪಿಗೂ ಇದೇ ಗತಿ ಬರಬಹುದು. ನಿಯಮಗಳನ್ನು ವೆರಿಲಾಗ್ ಭಾಷೆಯಲ್ಲಿ ಬರೆಸಿಟ್ಟುಕೊಂಡರೆ ಬೇರೆ ತಯಾರಕರ ಚಿಪ್ಪಿಗೆ ಅದನ್ನು ಹೊಂದಿಸಿಕೊಳ್ಳಬಹುದು. ಈ ಭಾಷೆ 1995ರಿಂದ ಅಂತರರಾಷ್ಟ್ರೀಯ ಮಾನಕವಾಗಿದೆ. ಯಾವೊಂದು ಕಂಪನಿಯ ಸೊತ್ತೂ ಅಲ್ಲ. ಹಲಗೆಯ ನಕ್ಷೆಯನ್ನೂ ಹಾಗೆಯೇ ಕೈಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆಸಿದರೆ, ಮುಂದೆ ಯಾವ ಇಂಜಿನಿಯರರಾದರೂ ತೆರೆದು ನೋಡಬಹುದು.

ಆದಕಾರಣ ಕರಾರಿನಲ್ಲಿ ಸಂಘವು ಈ ಷರತ್ತುಗಳನ್ನು ಬಿಡಬಾರದೆಂದು ನಮ್ಮ ಅಭಿಪ್ರಾಯ: ಸರ್ಕ್ಯೂಟಿನ ನಕ್ಷೆ, ಹಲಗೆ ತಯಾರಿಕೆಯ ಗರ್ಬರ್ ಫೈಲುಗಳು, ಬದಲಿ ಭಾಗಗಳ ಹೆಸರು ಸಹಿತವಾದ ಸಾಮಾನಿನ ಪಟ್ಟಿ, ವೆರಿಲಾಗ್ ಮೂಲ ಬರಹ, ಚಿಪ್ಪಿನ ಯಾವ ಕಾಲಿಗೆ ಯಾವ ತಂತಿ ಎಂಬ ಪಟ್ಟಿ, ಪರೀಕ್ಷಿಸುವ ವಿಧಾನ, ಇವಿಷ್ಟೂ ಕೊನೆಯ ಕಂತಿನ ಹಣ ಕೊಡುವ ಮೊದಲು ಸಂಘದ ಕಚೇರಿಗೆ ಬರಬೇಕು. ನಿಯಮಗಳ ಕೋಷ್ಟಕ ಕನ್ನಡದಲ್ಲಿರಬೇಕು. ಬೀಗ ಹಾಕಬಾರದು. ಇಂಜಿನಿಯರರ ಶ್ರಮಕ್ಕೆ ಅದರ ಬೆಲೆ ಸೇರಿಸಿ ಕೊಡುವುದು ನ್ಯಾಯ. ಅಗ್ಗವೆಂದು ಇದನ್ನು ಬಿಟ್ಟುಕೊಟ್ಟರೆ ಮುಂದೆ ಹೆಚ್ಚು ತೆರಬೇಕಾಗುತ್ತದೆ.

ಇಷ್ಟೆಲ್ಲ ಆದರೂ ಹಲಗೆಯಿಂದ ಆಗದ ಕೆಲಸವೊಂದಿದೆ. ಯಾರ ಪಂಪು ಸೊನ್ನೆ, ಯಾರದು ಏಳು ಎಂಬುದನ್ನು ಅದು ತೀರ್ಮಾನಿಸಲಾರದು. ನನ್ನದೇ ಮೊದಲು ಹೊರಡಲೆಂದು ಎಂಟು ಜನವೂ ಸ್ವಿಚ್ಚನ್ನು ಸೊನ್ನೆಗೆ ಇಟ್ಟರೆ, ಹಲಗೆ ಇದ್ದೂ ಇಲ್ಲದಂತೆ. ಮತ್ತೆ ಅದೇ 360 ಆಂಪಿಯರ್. ಮೂರೂವರೆ ನಿಮಿಷದಲ್ಲಿ ಯಾರ ಬಾವಿಯೂ ಬತ್ತುವುದಿಲ್ಲ, ಯಾರ ತೋಟವೂ ಒಣಗುವುದಿಲ್ಲ. ಒಂದೊಂದು ಟ್ರಾನ್ಸ್‌ಫಾರ್ಮರಿನ ಸದಸ್ಯರು ಮಹಾಸಭೆಗೆ ಮುನ್ನ ಒಂದೆಡೆ ಕೂಡಿ, ಪಂಪುಗಳ ಅಶ್ವಶಕ್ತಿಯನ್ನೂ ಒಪ್ಪಿದ ಸರದಿಯನ್ನೂ ಬರೆದು ಎಲ್ಲರ ರುಜು ಸಹಿತ ಸಂಘದ ಕಚೇರಿಗೆ ತಲಪಿಸಬೇಕಾಗಿ ಕೋರುತ್ತೇವೆ.