ಮಳೆಗಾಲದ ಜ್ವರ: ರಕ್ತಪರೀಕ್ಷೆಯ ವರದಿಯನ್ನು ಓದುವ ಬಗೆ

ಆಷಾಢ, ಶ್ರಾವಣಗಳಲ್ಲಿ ಬೈಂದೂರು, ಕೊಲ್ಲೂರು ಪರಿಸರದಲ್ಲಿ ಜ್ವರ ಹೆಚ್ಚುತ್ತದೆ. ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಮನೆಯವರೆಲ್ಲ ನೋಡುವುದು ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ. ಅದು ಸಾಲದು.

ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳೇ ಪ್ಲೇಟ್‌ಲೆಟ್‌ಗಳು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 1.5ರಿಂದ 4.5 ಲಕ್ಷದಷ್ಟಿರುತ್ತವೆ. ಡೆಂಗಿಯಲ್ಲಿಯೂ ಇಲಿಜ್ವರದಲ್ಲಿಯೂ ಇವು ಕುಸಿಯುತ್ತವೆ. ಆದ್ದರಿಂದ ಈ ಸಂಖ್ಯೆಯಿಂದಲೇ ರೋಗ ಯಾವುದೆಂದು ನಿರ್ಧರಿಸಲಾಗದು.

ಡೆಂಗಿಯಲ್ಲಿ ಬಿಳಿರಕ್ತಕಣಗಳು ಸಾಮಾನ್ಯವಾಗಿ 4,000ಕ್ಕಿಂತ ಕೆಳಗಿಳಿಯುತ್ತವೆ. ವರದಿಯಲ್ಲಿ ‘ಪಿಸಿವಿ’ ಎಂಬ ಸಾಲನ್ನೂ ಗಮನಿಸಬೇಕು. ರಕ್ತನಾಳಗಳಿಂದ ದ್ರವ ಸೋರಿದರೆ ರಕ್ತ ಗಟ್ಟಿಯಾಗಿ ಪಿಸಿವಿ ಏರುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತ ಪಿಸಿವಿ ಏರುವುದು ಅಪಾಯದ ಸೂಚನೆ. ಇದು ಹೆಚ್ಚಾಗಿ ಕಾಣುವುದು ಮೂರರಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವಾಗ. ಜ್ವರ ಬಿಟ್ಟಿತೆಂದು ನೆಮ್ಮದಿಗೊಳ್ಳುವ ಹೊತ್ತೇ ಎಚ್ಚರದ ಹೊತ್ತು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ಕೈಕಾಲು ತಣ್ಣಗಾಗುವುದು ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಇಲಿಜ್ವರದ ದಾರಿ ಬೇರೆ. ಇಲಿಯ ಮೂತ್ರ ಬೆರೆತ ನೀರು ಗದ್ದೆ, ತೋಟಗಳಲ್ಲಿ ದುಡಿಯುವವರ ಕಾಲಿನ ಬಿರುಕು, ಗಾಯಗಳ ಮೂಲಕ ರೋಗಾಣುವನ್ನು ಒಳಗೆ ಬಿಡುತ್ತದೆ. ಇದರಲ್ಲಿ ಬಿಳಿರಕ್ತಕಣಗಳು ಹಲವೊಮ್ಮೆ ಹೆಚ್ಚುತ್ತವೆ. ಇಲ್ಲಿ ಮುಖ್ಯವಾಗಿ ನೋಡಬೇಕಾದುದು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಕಾಮಾಲೆಯನ್ನು ಸೂಚಿಸುವ ಬಿಲಿರುಬಿನ್. ವಯಸ್ಕರಲ್ಲಿ ಇವೆರಡೂ ಸುಮಾರು 1.2ರೊಳಗಿರುವುದು ವಾಡಿಕೆ. ಮೀನಖಂಡದ ನೋವು, ಕೆಂಪಾದ ಕಣ್ಣು, ಮೂತ್ರ ಕಡಿಮೆಯಾಗುವುದು ಇದರ ಲಕ್ಷಣಗಳು. ಸೂಕ್ತ ಪ್ರತಿಜೀವಕವನ್ನು ಬೇಗ ಆರಂಭಿಸಿದರೆ ಗುಣವಾಗುವ ರೋಗವಿದು. ಪ್ಲೇಟ್‌ಲೆಟ್ ಏರಲೆಂದು ಪಪ್ಪಾಯಿ ಎಲೆಯ ರಸ ಕುಡಿದು ಮನೆಯಲ್ಲೇ ಕಾಯುವವರು ಆ ಅಮೂಲ್ಯ ದಿನಗಳನ್ನು ಕಳೆದುಕೊಳ್ಳುತ್ತಾರೆ.

ಪರೀಕ್ಷೆಗೂ ಕಾಲವುಂಟು. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನಗಳಲ್ಲಿ ಉಪಯುಕ್ತ. ಐಜಿಎಂ ಪರೀಕ್ಷೆ ಆ ಬಳಿಕ. ಇಲಿಜ್ವರದ ಐಜಿಎಂ ಕೂಡ ಮೊದಲ ವಾರದಲ್ಲಿ ‘ಇಲ್ಲ’ವೆಂದೇ ಬರಬಹುದು. ಒಮ್ಮೆ ‘ಇಲ್ಲ’ವೆಂದು ಬಂದ ವರದಿ ಕೊನೆಯ ಮಾತಲ್ಲ.

ದರ್ಶನ, ಸ್ಪರ್ಶನ, ಪ್ರಶ್ನ ಎಂಬ ತ್ರಿವಿಧ ಪರೀಕ್ಷೆಯನ್ನು ಆಯುರ್ವೇದ ಹೇಳುತ್ತದೆ. ರಕ್ತಪರೀಕ್ಷೆ ಅದಕ್ಕೆ ಪೂರಕವೇ ಹೊರತು ವಿರೋಧಿಯಲ್ಲ. ಅಮೃತಬಳ್ಳಿಯ ಕಷಾಯವಾಗಲಿ ಬೇರಾವ ಮನೆಮದ್ದಾಗಲಿ ಈ ಜ್ವರಗಳಲ್ಲಿ ಆಸ್ಪತ್ರೆಯ ಚಿಕಿತ್ಸೆಗೆ ಬದಲಿಯಾಗಲಾರದು. ವೈದ್ಯರನ್ನು ಕೇಳದೆ ನೋವಿನ ಮಾತ್ರೆಗಳನ್ನು ನುಂಗುವುದೂ ಸಲ್ಲದು. ಅವು ರಕ್ತಸ್ರಾವಕ್ಕೂ ಮೂತ್ರಪಿಂಡದ ಹಾನಿಗೂ ಕಾರಣವಾಗಬಹುದು.

ಸದ್ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೆ: ಜ್ವರ ಎರಡು ದಿನ ಮೀರಿದರೆ ಬೈಂದೂರಿನ ಸಮುದಾಯ ಆರೋಗ್ಯ ಕೇಂದ್ರಕ್ಕಾಗಲಿ ಹತ್ತಿರದ ಆಸ್ಪತ್ರೆಗಾಗಲಿ ಹೋಗಿರಿ. ಹಳೆಯ ವರದಿಗಳನ್ನೆಲ್ಲ ಒಯ್ಯಿರಿ. ನೀವು ಗದ್ದೆಗಿಳಿದಿದ್ದರೆ, ತೋಟದಲ್ಲಿ ದುಡಿದಿದ್ದರೆ ವೈದ್ಯರು ಕೇಳುವ ಮೊದಲೇ ತಿಳಿಸಿರಿ. ರೋಗದ ಮೂಲವನ್ನು ಹಲವು ವೇಳೆ ವರದಿಗಿಂತ ಮೊದಲು ನಿಮ್ಮ ಕಾಯಕವೇ ಹೇಳುತ್ತದೆ.