ಎಚ್‌ಐವಿ ಚಿಕಿತ್ಸೆ: ಯಾವುದು ಉಚಿತ, ಖರ್ಚು ಎಲ್ಲಿ?



ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಇದೆ ಎಂದು ತಿಳಿದಾಗ ಮನೆಯವರು ಮೆಲ್ಲಗೆ ಕೇಳುವ ಪ್ರಶ್ನೆ ಒಂದೇ: "ಎಷ್ಟು ಖರ್ಚಾಗ್ತದೆ ಸಿಸ್ಟರ್?" ಹೊಲ ಮಾರಬೇಕೇ, ಬಂಗಾರ ಅಡವಿಡಬೇಕೇ ಎಂಬ ಚಿಂತೆ ಅವರದು. ಈ ಹೆದರಿಕೆಗೆ ಹಿಂದೆ ಕಾರಣವೂ ಇತ್ತು. 2000ದ ಸುಮಾರಿಗೆ ಒಬ್ಬರ ಒಂದು ವರ್ಷದ ಔಷಧಿಗೆ ವಿದೇಶಿ ಕಂಪನಿಗಳ ಬೆಲೆ 10 ಸಾವಿರ ಡಾಲರಿಗೂ ಹೆಚ್ಚಿತ್ತು. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿಯು ಮೂರು ಔಷಧಿಗಳನ್ನು ಸೇರಿಸಿ ವರ್ಷಕ್ಕೆ ಸುಮಾರು 350 ಡಾಲರಿಗೆ ಕೊಡಲು ಮುಂದೆ ಬಂದಿತು. 2004ರ ಏಪ್ರಿಲ್ 1ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. 2017ರಿಂದ ಸಿಡಿ-4 ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಕೊಡಲಾಗುತ್ತದೆ.

ಸರ್ಕಾರಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ, ಆಪ್ತ ಸಮಾಲೋಚನೆ, ಎಆರ್‌ಟಿ ಮಾತ್ರೆ, ಸಿಡಿ-4 ಮತ್ತು ವೈರಲ್ ಲೋಡ್ ಪರೀಕ್ಷೆ, ಕ್ಷಯರೋಗದ ಔಷಧಿ ಎಲ್ಲವೂ ಉಚಿತ.

ಹಾಗಾದರೆ ಕೈಯಿಂದ ಹಣ ಹೋಗುವುದು ಎಲ್ಲಿ? ಬಸ್ಸಿನಲ್ಲಿ, ಕಳೆದುಹೋದ ದಿನದ ಕೂಲಿಯಲ್ಲಿ, ಜೊತೆಗೆ ಬಂದವರ ಊಟದಲ್ಲಿ. ಇನ್ನು ಗುರುತಿನವರು ನೋಡಿಯಾರು ಎಂದು ಹತ್ತಿರದ ಕೇಂದ್ರ ಬಿಟ್ಟು ದೂರದ ಜಿಲ್ಲೆಗೆ ಹೋಗುವವರಿದ್ದಾರೆ. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಖರ್ಚು ಎರಡು ಪಟ್ಟಾದಾಗ ಒಂದು ತಿಂಗಳು ತಪ್ಪುತ್ತದೆ, ಮುಂದೆ ಎರಡು ತಿಂಗಳು ತಪ್ಪುತ್ತದೆ. ಮಾತ್ರೆ ತಪ್ಪಿದರೆ ವೈರಸ್ ಮತ್ತೆ ಹೆಚ್ಚುತ್ತದೆ, ಔಷಧಿಗೆ ಬಗ್ಗದಂತಾಗಲೂಬಹುದು. ಆಮೇಲೆ ಕ್ಷಯವೋ ಮೆದುಳಿನ ಸೋಂಕೋ ಆಗಿ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಗುತ್ತದೆ. ಸಾಲ ಮಾಡಿಸುವುದು ಈ ಮಲಗುವಿಕೆಯೇ ಹೊರತು ದಿನದ ಮಾತ್ರೆಯಲ್ಲ. ಜೀವ ಹೋಗುವುದೂ ಇಲ್ಲಿಯೇ.

ಒಂದು ಸಲದ ಬಸ್ ಖರ್ಚು ಉಳಿಸಲು ಗಂಡ ಹೆಂಡತಿ ಒಬ್ಬರ ಮಾತ್ರೆಯನ್ನು ಇಬ್ಬರು ಹಂಚಿಕೊಳ್ಳುವುದೂ ಉಂಟು. ದಯವಿಟ್ಟು ಹಾಗೆ ಮಾಡಬೇಡಿ, ಇಬ್ಬರಿಗೂ ಔಷಧಿ ಸಾಲದಂತಾಗುತ್ತದೆ. "ಮೊದಲು ಯಜಮಾನರದ್ದಾಗಲಿ, ನನ್ನದು ಆಮೇಲೆ" ಎನ್ನುವ ತಾಯಂದಿರಿಗೂ ಒಂದು ಮಾತು: ನಿಮ್ಮ ಚಿಕಿತ್ಸೆ ಅವರ ಚಿಕಿತ್ಸೆಗೆ ಕಾಯಬೇಕಾಗಿಲ್ಲ. ಗರ್ಭಿಣಿಯಾಗಿದ್ದರೆ ಒಂದು ದಿನವೂ ಕಾಯಬಾರದು. ತಾಯಿ ತಪ್ಪದೆ ಮಾತ್ರೆ ತೆಗೆದುಕೊಂಡು, ಮಗುವಿಗೂ ಹುಟ್ಟಿದ ಕೂಡಲೇ ಔಷಧಿ ಕೊಡಿಸಿದರೆ ಮಗುವಿಗೆ ಸೋಂಕು ತಗಲುವ ಸಂಭವ ಬಹಳ ಕಡಿಮೆ.

ಖರ್ಚು ತಗ್ಗಿಸಲು ದಾರಿಗಳಿವೆ. ಆರೋಗ್ಯ ಸ್ಥಿರವಾಗಿದ್ದರೆ ನಿಮ್ಮ ಊರಿಗೆ ಹತ್ತಿರದ ಲಿಂಕ್ ಎಆರ್‌ಟಿ ಕೇಂದ್ರದಿಂದ ಮಾತ್ರೆ ಪಡೆಯಬಹುದೇ, ಒಂದಕ್ಕಿಂತ ಹೆಚ್ಚು ತಿಂಗಳ ಮಾತ್ರೆ ಒಟ್ಟಿಗೆ ಸಿಗಬಹುದೇ ಎಂದು ಸಮಾಲೋಚಕರನ್ನು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಗುಳೆ ಹೋಗುವವರು ಹೊರಡುವ ಮೊದಲೇ ಕೇಂದ್ರಕ್ಕೆ ತಿಳಿಸಿದರೆ, ಹೋಗುವ ಊರಿನ ಕೇಂದ್ರಕ್ಕೆ ವರ್ಗಾವಣೆ ಮಾಡಿಕೊಡುತ್ತಾರೆ. ಚಿಕಿತ್ಸಾ ಪುಸ್ತಕವನ್ನು ಮಾತ್ರ ಮರೆಯದೆ ಒಯ್ಯಿರಿ. ಕರ್ನಾಟಕದ ಮಹಿಳೆಯರಿಗೆ ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿದರೆ ಸಾಕು, ಏಕೆ ಹೋಗುತ್ತಿದ್ದೀರಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಎಚ್‌ಐವಿಯನ್ನು ಬೇರುಸಹಿತ ಕಿತ್ತುಹಾಕುತ್ತೇವೆಂದು ಸಾವಿರಾರು ರೂಪಾಯಿ ಕೇಳುವವರಿಗೆ ಒಂದು ಕಾಸೂ ಕೊಡಬೇಡಿ.

ಎಚ್‌ಐವಿ ಇದೆ ಎಂಬ ಕಾರಣಕ್ಕೆ ಯಾವ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ ಫಲಿತಾಂಶವನ್ನು ಬೇರೆಯವರಿಗೆ ಹೇಳುವುದನ್ನೂ ಈ ಕಾಯ್ದೆ ತಡೆಯುತ್ತದೆ. ಹತ್ತಿರದ ಕೇಂದ್ರ ಎಲ್ಲಿದೆ ಎಂದು ತಿಳಿಯಲು 1097ಕ್ಕೆ ಫೋನ್ ಮಾಡಿ. ಕರೆಗೆ ಹಣವಿಲ್ಲ.